ಸಿಯಾಟಲ್‌ಗೆ ತಂಡ ಮರಳುವ ಮುನ್ನ ಈ ಹೆಸರುಗಳನ್ನು ಓದಿ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯ ಆಡಳಿತ ಮಂಡಳಿಯವರಿಗೆ, ಸೂಪರ್‌ಸಾನಿಕ್ಸ್ ಎಂಬ ಹೆಸರಿನ ಹೊಣೆಯನ್ನು ಮುಂದೆ ಹೊರಲಿರುವವರಿಗೆ, ಹಾಗೂ ಸಿಯಾಟಲ್ ಸುತ್ತಮುತ್ತ ಮನೆ ಮಾಡಿಕೊಂಡಿರುವ ನನ್ನ ಕನ್ನಡ ಬಂಧುಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

1995ರ ಅಕ್ಟೋಬರ್‌ನಲ್ಲಿ ಮೈಸೂರಿನಿಂದ ಕೆಲಸಕ್ಕೆಂದು ಸಿಯಾಟಲ್‌ಗೆ ಬಂದಿಳಿದಾಗ ಈ ನಗರದಲ್ಲಿ ನನಗೆ ಗುರುತಿನವರೆಂಬುವರು ಯಾರೂ ಇರಲಿಲ್ಲ. ಸಂಜೆ ನಾಲ್ಕೂವರೆಗೇ ಕತ್ತಲು ಕವಿಯುವ, ವಾರಗಟ್ಟಲೆ ಮಳೆ ಜಿನುಗುತ್ತಲೇ ಇರುವ ಆ ಮೊದಲ ಚಳಿಗಾಲದಲ್ಲಿ ನನ್ನನ್ನು ಊರಿನೊಳಕ್ಕೆ ಕರೆದುಕೊಂಡದ್ದು ಒಂದು ಬ್ಯಾಸ್ಕೆಟ್‌ಬಾಲ್ ತಂಡ. ಕಾಲೇಜಿನ ಮಣ್ಣಿನ ಅಂಗಣದಲ್ಲಿ ನಾಲ್ಕು ವರ್ಷ ಆಡಿದ್ದ ನನಗೆ ಆಟದ ನಿಯಮಗಳು ಗೊತ್ತಿದ್ದವೇ ಹೊರತು, ಐದು ಜನ ಒಂದೇ ಮೈಯಂತೆ ಚಲಿಸಿ ಎದುರಾಳಿಯ ಉಸಿರು ಕಟ್ಟಿಸುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ಋತುವಿನಲ್ಲಿ ಆ ಸೂಪರ್‌ಸಾನಿಕ್ಸ್ ತಂಡ, ನಮ್ಮ ಬಾಯಲ್ಲಿ ಬರಿಯ ಸಾನಿಕ್ಸ್, 82 ಪಂದ್ಯಗಳಲ್ಲಿ 64 ಗೆದ್ದಿತು. ಅಪರಿಚಿತರು ಬಸ್ ನಿಲ್ದಾಣದಲ್ಲಿ ಹಿಂದಿನ ರಾತ್ರಿಯ ಪಂದ್ಯದ ಬಗ್ಗೆ ನನ್ನನ್ನು ಮಾತಿಗೆಳೆಯುತ್ತಿದ್ದರು, ಮತ್ತು ನಾನು ಈ ಊರಿನವನೋ ಅಲ್ಲವೋ ಎಂಬ ಪ್ರಶ್ನೆ ಆ ಹೊತ್ತಿನಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಆ ತಂಡ ಗೆದ್ದಾಗ ನಾವು ಹಿಗ್ಗಿದ್ದೂ ಸೋತಾಗ ಊಟ ಬಿಟ್ಟು ಕುಳಿತದ್ದೂ ನಮ್ಮ ಮನೆಯಲ್ಲಿ ಈ ಭಾಷೆಯಲ್ಲೇ. ಬೆಲ್ವ್ಯೂ, ರೆಡ್ಮಂಡ್‌ಗಳ ಕನ್ನಡ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳು ಹಸಿರು–ಹಳದಿ ಅಂಗಿ ತೊಟ್ಟು ಓಡಾಡುವುದನ್ನು ಈಗಲೂ ಕಾಣುತ್ತೇನೆ. ಆದರೆ ಆ ಅಂಗಿಯ ಬೆನ್ನ ಮೇಲೆ ಇರುವುದು ಹೆಚ್ಚಾಗಿ ಮೂರೋ ನಾಲ್ಕೋ ಹೆಸರುಗಳು ಮಾತ್ರ. ಉಳಿದವರು ಯಾರು ಎಂದು ಕೇಳಿದರೆ ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಸಿಯಾಟಲ್ ಸೂಪರ್‌ಸಾನಿಕ್ಸ್ ಹುಟ್ಟಿದ್ದು 1967ರಲ್ಲಿ. ಬೋಯಿಂಗ್ ಕಂಪನಿ ಕಟ್ಟಲು ಹೊರಟಿದ್ದ ಶಬ್ದಾತೀತ ವೇಗದ ಪ್ರಯಾಣಿಕ ವಿಮಾನದಿಂದ ಅದಕ್ಕೆ ಆ ಹೆಸರು ಬಂತು. ಸರ್ಕಾರ ಹಣ ನಿಲ್ಲಿಸಿದ್ದರಿಂದ ವಿಮಾನದ ಯೋಜನೆ 1971ರಲ್ಲಿ ಮುಗಿದುಹೋಯಿತು, ತಂಡ ಮಾತ್ರ 41 ಋತುಗಳ ಕಾಲ ಇಲ್ಲಿ ಆಡಿತು. 2008ರಲ್ಲಿ ಅದು ಓಕ್ಲಹೋಮ ಸಿಟಿಗೆ ಹೋದಾಗ ಆದ ಒಪ್ಪಂದದಂತೆ ಹೆಸರು, ಬಣ್ಣ, ಲಾಂಛನಗಳು ಸಿಯಾಟಲ್‌ಗಾಗಿ ಉಳಿದವು. ದಾಖಲೆಯ ಪುಸ್ತಕ ಮಾತ್ರ ತಂಡದ ಜೊತೆಗೆ ಹೊರಟಿತು. 2025ರಲ್ಲಿ ಓಕ್ಲಹೋಮ ಸಿಟಿ ಥಂಡರ್ ಚಾಂಪಿಯನ್ ಆದಾಗ, ಲೀಗಿನ ಲೆಕ್ಕದಲ್ಲಿ ಅದು ಆ ಫ್ರಾಂಚೈಸಿಯ ಎರಡನೆಯ ಪ್ರಶಸ್ತಿ ಎಂದು ನಮೂದಾಯಿತು. ಮೊದಲನೆಯದು 1979ರದು, ನಮ್ಮದು. ಓಕ್ಲಹೋಮದ ಯುವಕರ ಗೆಲುವಿನ ಬಗ್ಗೆ ನನಗೆ ಕಿಂಚಿತ್ತೂ ಅಸಮಾಧಾನವಿಲ್ಲ, ಅವರು ಅದನ್ನು ನ್ಯಾಯವಾಗಿ ಗಳಿಸಿದರು. ನನ್ನ ಚಿಂತೆ ಬೇರೆ.

ತಂಡವೊಂದು ಊರು ಬಿಟ್ಟಾಗ ದೊಡ್ಡ ಹೆಸರುಗಳಿಗೆ ಏನೂ ಆಗುವುದಿಲ್ಲ. ಗ್ಯಾರಿ ಪೇಟನ್, ಶಾನ್ ಕೆಂಪ್, ರೇ ಆ್ಯಲೆನ್, ಕೆವಿನ್ ಡ್ಯುರಾಂಟ್ ಅವರನ್ನು ಜಗತ್ತೇ ಕಾಪಾಡಿಕೊಳ್ಳುತ್ತದೆ. ವರ್ಷಕ್ಕೆ 41 ಪಂದ್ಯಗಳನ್ನು ಅದೇ ಕಟ್ಟಡದಲ್ಲಿ ಕುಳಿತು ನೋಡಿದವರಿಗಷ್ಟೇ ಬೆಲೆ ತಿಳಿದಿರುವ ಆಟಗಾರರು ಮಾತ್ರ ಕಣ್ಮರೆಯಾಗುತ್ತಾರೆ. ಅವರ ಚರಿತ್ರೆಗೆ ಪ್ರೇಕ್ಷಕರ ನೆನಪೇ ಕಡತ. ಸಿಯಾಟಲ್‌ಗೆ ತಂಡ ಮರಳುವ ಮಾತು ಈಗ ಬರಿಯ ಮಾತಾಗಿ ಉಳಿಯುವಂತೆ ಕಾಣುತ್ತಿಲ್ಲವಾದ್ದರಿಂದ, ಗೌರವ ಪಡೆದ ಆಟಗಾರರ ಅಂಗಿಯ ಸಂಖ್ಯೆ ಬರೆದ ಬಾವುಟಗಳನ್ನು ಅಂಗಣದ ಮೇಲೆ ಯಾವ ಕ್ರಮದಲ್ಲಿ ಏರಿಸಬೇಕು, ಗೋಡೆಯ ಮೇಲೆ ಯಾರ ಚಿತ್ರ ಇರಬೇಕು ಎಂದು ನೀವು ನಿರ್ಧರಿಸುವ ಮುನ್ನ ಈ ಎಲೆಮರೆಯ ಕಾಯಿಗಳ ಬಗ್ಗೆ ಒಂದಿಷ್ಟು ಕೇಳಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ.

ಗಸ್ ವಿಲಿಯಮ್ಸ್ ಅವರಿಂದ ಆರಂಭಿಸುತ್ತೇನೆ, ಏಕೆಂದರೆ ಈ ತಂಡದ ಚರಿತ್ರೆಯಲ್ಲಿ ಅವರಿಗೆ ಆದಷ್ಟು ಅನ್ಯಾಯ ಇನ್ನಾರಿಗೂ ಆಗಿಲ್ಲವೆಂಬುದು ನನ್ನ ದೃಢ ನಂಬಿಕೆ. 1979ರ ಫೈನಲ್ಸ್‌ನಲ್ಲಿ ವಾಷಿಂಗ್ಟನ್ ಬುಲೆಟ್ಸ್ ವಿರುದ್ಧ ಸಿಯಾಟಲ್ ಮೊದಲ ಪಂದ್ಯ ಸೋತು, ಮುಂದಿನ ನಾಲ್ಕನ್ನೂ ಗೆದ್ದು ಜೂನ್ 1ರಂದು ಚಾಂಪಿಯನ್ ಆಯಿತು. ಆ ಐದು ಪಂದ್ಯಗಳಲ್ಲಿ ವಿಲಿಯಮ್ಸ್ ಸರಾಸರಿ 28ಕ್ಕೂ ಹೆಚ್ಚು ಅಂಕ ಗಳಿಸಿ ತಂಡದಲ್ಲಿ ಎಲ್ಲರಿಗಿಂತ ಮುಂದಿದ್ದರು. ಸರಣಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಡೆನ್ನಿಸ್ ಜಾನ್ಸನ್ ಅವರಿಗೆ ಹೋಯಿತು. ಅದು ಜಾನ್ಸನ್ ಅವರಿಗೆ ಸಲ್ಲಬಾರದಿತ್ತೆಂದು ನಾನು ಹೇಳುತ್ತಿಲ್ಲ. ಹಿಂದಿನ ವರ್ಷ ಇದೇ ಬುಲೆಟ್ಸ್ ವಿರುದ್ಧದ ಏಳನೆಯ ಪಂದ್ಯದಲ್ಲಿ 14 ಬಾರಿ ಚೆಂಡೆಸೆದು ಒಮ್ಮೆಯೂ ಬುಟ್ಟಿಗೆ ಹಾಕಲಾಗದೆ ತಲೆತಗ್ಗಿಸಿ ಹೋಗಿದ್ದ ಮನುಷ್ಯ, ಒಂದೇ ವರ್ಷದಲ್ಲಿ ಹಾಗೆ ಎದ್ದು ನಿಂತದ್ದು ಸಣ್ಣ ಸಂಗತಿಯಲ್ಲ. ಆದರೆ ಪ್ರಶಸ್ತಿಯ ಪಟ್ಟಿಯನ್ನಷ್ಟೇ ಓದುವವನಿಗೆ ವಿಲಿಯಮ್ಸ್ ಅಲ್ಲಿ ಇದ್ದರೆಂಬುದೇ ತಿಳಿಯುವುದಿಲ್ಲ.

ಅವರ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿದೆ. 1979–80ರಲ್ಲಿ ತಂಡ 56 ಪಂದ್ಯ ಗೆದ್ದಿತ್ತು. ಒಪ್ಪಂದದ ಹಣದ ವಿಚಾರದಲ್ಲಿ ಮನಸ್ತಾಪವಾಗಿ ವಿಲಿಯಮ್ಸ್ 1980–81ರ ಇಡೀ ಋತು ಆಡದೆ ಕುಳಿತರು. ತಂಡದ ಗೆಲುವು 34ಕ್ಕೆ ಕುಸಿಯಿತು. ಮರುವರ್ಷ ಅವರು ಮರಳಿದರು, ಗೆಲುವು 52ಕ್ಕೆ ಏರಿತು, ಮತ್ತು ಅವರಿಗೆ ಲೀಗಿನ ಮೊದಲ ಐವರ ತಂಡದಲ್ಲಿ ಸ್ಥಾನ ಸಿಕ್ಕಿತು. ಅದೇ 1980ರಲ್ಲಿ ಜಾನ್ಸನ್ ಅವರನ್ನು ಫೀನಿಕ್ಸ್‌ಗೆ ಕೊಟ್ಟು ಪಾಲ್ ವೆಸ್ಟ್‌ಫಾಲ್ ಅವರನ್ನು ತರಲಾಗಿತ್ತು ಮತ್ತು ವೆಸ್ಟ್‌ಫಾಲ್ ಗಾಯದಿಂದ ಅರ್ಧಕ್ಕಿಂತ ಹೆಚ್ಚು ಪಂದ್ಯಗಳನ್ನು ಆಡಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದನ್ನು ಕಳೆದ ಮೇಲೂ ಆ ಮೂರು ವರ್ಷಗಳ ಅಂಕಿಗಳು ಒಬ್ಬ ಗಾರ್ಡ್‌ನ (ಚೆಂಡು ಸಾಗಿಸಿ ಆಟ ಕಟ್ಟುವ ಆಟಗಾರನ) ಬಗ್ಗೆ ಹೇಳುವಷ್ಟನ್ನು ಎಷ್ಟೋ ಪ್ರಶಸ್ತಿಗಳು ಹೇಳಲಾರವು. ಚೆಂಡು ಕೈಗೆ ಬಂದ ಕ್ಷಣವೇ ಅಂಗಣದ ಇನ್ನೊಂದು ತುದಿಯಲ್ಲಿರುತ್ತಿದ್ದ ಅವರ ವೇಗಕ್ಕೆ ಜನ ಅವರನ್ನು ಮಾಂತ್ರಿಕನೆಂದೇ ಕರೆಯುತ್ತಿದ್ದರಂತೆ. ಆ ಕಾಲವನ್ನು ಕಂಡ ಹಿರಿಯರ ಬಾಯಲ್ಲಿ ಕೇಳಿದ ಮೇಲೆ ಹಳೆಯ ಚಿತ್ರಣಗಳನ್ನು ಹುಡುಕಿ ನೋಡಿದೆ. ಅತಿಶಯೋಕ್ತಿ ಏನೂ ಇರಲಿಲ್ಲ. ಅವರು 2025ರ ಜನವರಿಯಲ್ಲಿ ತೀರಿಕೊಂಡರು. ತಮ್ಮ ಹೆಸರು ಸ್ಪ್ರಿಂಗ್‌ಫೀಲ್ಡ್‌ನ ಹಾಲ್ ಆಫ್ ಫೇಮ್ (ಬ್ಯಾಸ್ಕೆಟ್‌ಬಾಲ್ ಶ್ರೇಷ್ಠರ ಗೌರವ ಮಂದಿರ) ಸೇರುವುದನ್ನು ಕಾಣುವ ಭಾಗ್ಯ ಅವರಿಗೆ ಬರಲಿಲ್ಲ.

ಜಾನ್ಸನ್ ಅವರ ವಿಷಯದಲ್ಲಿ ಆಗಬೇಕಾದ ಕೆಲಸ ಬೇರೆ. ಅವರು ಸಿಯಾಟಲ್‌ನಲ್ಲಿ ತೊಟ್ಟದ್ದು 24ನೇ ಸಂಖ್ಯೆ. ಅದೇ ಸಂಖ್ಯೆಯನ್ನು ಅವರಿಗಿಂತ ಮೊದಲು ತೊಟ್ಟಿದ್ದವರು ಸ್ಪೆನ್ಸರ್ ಹೇವುಡ್. ಪ್ರೌಢಶಾಲೆ ಮುಗಿಸಿ ನಾಲ್ಕು ವರ್ಷ ತುಂಬದವರು ಎನ್‌ಬಿಎಗೆ ಬರುವಂತಿಲ್ಲ ಎಂಬ ನಿಯಮವನ್ನು ಪ್ರಶ್ನಿಸಿ 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದ ಆಟಗಾರ ಅವರು. 2007ರಲ್ಲಿ 24ನೇ ಸಂಖ್ಯೆಯನ್ನು ಮುಂದೆ ಇನ್ನಾರೂ ತೊಡದಂತೆ ಹೇವುಡ್ ಹೆಸರಿನಲ್ಲಿ ಶಾಶ್ವತವಾಗಿ ತೆಗೆದಿರಿಸಲಾಯಿತು, ಅದು ತಕ್ಕ ಗೌರವವೇ. ಅದೇ ವರ್ಷದ ಫೆಬ್ರವರಿಯಲ್ಲಿ ಜಾನ್ಸನ್ ತೀರಿಕೊಂಡಿದ್ದರು. ಒಂದೇ ಬಾವುಟದ ಮೇಲೆ ಎರಡು ಹೆಸರು ಬರೆಯಲು ಅಡ್ಡಿಯೇನೂ ಇಲ್ಲ. ಹೊಸ ಬಾವುಟ ಹೊಲಿಸುವಾಗ ದಯವಿಟ್ಟು ಅದನ್ನು ಬರೆಯಿಸಿ.

1979ರ ತಂಡದ ಬಗ್ಗೆ ಇನ್ನಷ್ಟು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಜಾನ್ ಜಾನ್ಸನ್ ಎಂಬ ಫಾರ್ವರ್ಡ್ (ಸಾಮಾನ್ಯವಾಗಿ ಬುಟ್ಟಿಗೆ ಹತ್ತಿರ ಆಡುವ ಆಟಗಾರ), ಗಾರ್ಡ್‌ಗಳು ಮಾಡಬೇಕಾದ ಚೆಂಡು ಹಂಚುವ ಕೆಲಸವನ್ನು ತಾವು ಮಾಡುತ್ತಿದ್ದರು. ಇದರಿಂದ ವಿಲಿಯಮ್ಸ್ ಮತ್ತು ಡೆನ್ನಿಸ್ ಜಾನ್ಸನ್ ಚೆಂಡಿಲ್ಲದೆ ಓಡಿ ತೆರೆದ ಜಾಗ ಹಿಡಿಯಲು ಸಾಧ್ಯವಾಗುತ್ತಿತ್ತು. ಇಂದು ಪಾಯಿಂಟ್ ಫಾರ್ವರ್ಡ್ ಎಂದು ದೊಡ್ಡದಾಗಿ ಹೊಗಳುವ ಪಾತ್ರವನ್ನು ಅವರು ಆ ಮಾತು ಚಾಲ್ತಿಗೆ ಬರುವ ಮೊದಲೇ ಆಡಿ ತೋರಿಸಿದ್ದರು. ಲಾನಿ ಶೆಲ್ಟನ್ ಇಲ್ಲಿಗೆ ಬಂದ ಬಗೆಯೇ ವಿಚಿತ್ರ: ಸಿಯಾಟಲ್‌ನ ಸೆಂಟರ್ (ಬುಟ್ಟಿಯ ಬಳಿ ನಿಲ್ಲುವ ಎತ್ತರದ ಆಟಗಾರ) ಮಾರ್ವಿನ್ ವೆಬ್‌ಸ್ಟರ್ ನ್ಯೂಯಾರ್ಕ್ ಸೇರಿದ್ದಕ್ಕೆ ಪರಿಹಾರವಾಗಿ 1978ರಲ್ಲಿ ಅವರನ್ನು ಕೊಡಲಾಯಿತು. ಹೀಗೆ ಬದಲಿಗೆ ಬಂದವರೇ ಬುಲೆಟ್ಸ್‌ನ ಎಲ್ವಿನ್ ಹೇಯ್ಸ್, ವೆಸ್ ಅನ್‌ಸೆಲ್ಡ್‌ರಂತಹ ಬಲಿಷ್ಠರೊಡನೆ ಮೈಗೆ ಮೈ ಕೊಟ್ಟು ನಿಂತರು. ತಮ್ಮ 15ನೇ ಋತುವಿನಲ್ಲಿದ್ದ ಪಾಲ್ ಸೈಲಸ್, ಅದಕ್ಕೆ ಮುಂಚೆ ಬಾಸ್ಟನ್‌ನಲ್ಲಿ ಎರಡು ಬಾರಿ ಚಾಂಪಿಯನ್ ಆಗಿದ್ದವರು, ಬೆಂಚಿನಿಂದ ಎದ್ದು ಬಂದು ರೀಬೌಂಡ್, ಅಂದರೆ ಗುರಿ ತಪ್ಪಿ ಪುಟಿದ ಚೆಂಡು, ಹೆಕ್ಕುತ್ತಿದ್ದರು. ಫ್ರೆಡ್ ಬ್ರೌನ್ ಒಮ್ಮೆ ಒಂದೇ ಪಂದ್ಯದಲ್ಲಿ 58 ಅಂಕ ಗಳಿಸಿದ್ದವರು. ಅಂಥವರು ಆರಂಭಿಕ ಐವರಲ್ಲಿ ತಮ್ಮ ಜಾಗವನ್ನು ಕಿರಿಯರಿಗೆ ಬಿಟ್ಟುಕೊಟ್ಟು ಬೆಂಚಿನಲ್ಲಿ ಕುಳಿತರು. ದೂರದಿಂದ ಹಾಕಿದ ಚೆಂಡಿಗೆ ಎರಡರ ಬದಲು ಮೂರು ಅಂಕ ಕೊಡುವ ಮೂರಂಕದ ಗೆರೆ ಜಾರಿಗೆ ಬಂದ ಮೊದಲ ಋತುವಾದ 1979–80ರಲ್ಲಿ ಆ ಗೆರೆಯಾಚೆಯಿಂದ ಲೀಗಿನಲ್ಲಿ ಎಲ್ಲರಿಗಿಂತ ನಿಖರವಾಗಿ, ಶೇ. 44.3ರಷ್ಟು, ಎಸೆದವರೂ ಅವರೇ. ಹದಿಮೂರು ಋತು ಆಡಿದರು, ಎಲ್ಲವೂ ಸಿಯಾಟಲ್‌ಗಾಗಿ.

ಎಂಬತ್ತರ ದಶಕದ ತಂಡಗಳ ಬಗ್ಗೆ ಒಂದೇ ರಾತ್ರಿಯನ್ನು ನೆನಪಿಸುತ್ತೇನೆ. 1989ರ ನವೆಂಬರ್ 9ರಂದು ಮಿಲ್ವಾಕಿಯಲ್ಲಿ ಪಂದ್ಯ ಐದು ಹೆಚ್ಚುವರಿ ಅವಧಿಗಳಿಗೆ ಬೆಳೆಯಿತು. ಡೇಲ್ ಎಲ್ಲಿಸ್ 69 ನಿಮಿಷ ಅಂಗಣದಲ್ಲಿದ್ದು 53 ಅಂಕ ಗಳಿಸಿದರು, ಸಿಯಾಟಲ್ ಒಂದೇ ಅಂಕದಿಂದ ಸೋತಿತು. ಒಂದೇ ಪಂದ್ಯದಲ್ಲಿ ಅಷ್ಟು ಹೊತ್ತು ಆಡಿದ ಇನ್ನೊಬ್ಬ ಆಟಗಾರ ಎನ್‌ಬಿಎ ಚರಿತ್ರೆಯಲ್ಲಿಲ್ಲ. ಇಂತಹ ರಾತ್ರಿಗೆ ತಂಡದ ಮನೆಯಲ್ಲಿ ಒಂದು ಫಲಕವಾದರೂ ಇರಬೇಡವೇ?

ಈಗ ನಾನು ಕಣ್ಣಾರೆ ಕಂಡವರ ವಿಷಯಕ್ಕೆ ಬರುತ್ತೇನೆ. ನೇಟ್ ಮೆಕ್‌ಮಿಲನ್ 1986ರಲ್ಲಿ, ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುವ ಆಯ್ಕೆಯ ಎರಡನೆಯ ಸುತ್ತಿನಲ್ಲಿ, 30ನೆಯವರಾಗಿ ಆಯ್ಕೆಯಾದವರು. ಹನ್ನೆರಡು ಋತು ಆಡಿದರು, ಬೇರೆ ತಂಡದ ಅಂಗಿ ತೊಡಲಿಲ್ಲ, ಒಮ್ಮೆಯೂ ಆಲ್‌ಸ್ಟಾರ್ (ವರ್ಷದ ಶ್ರೇಷ್ಠರ ವಿಶೇಷ ಪಂದ್ಯಕ್ಕೆ ಆಯ್ಕೆಯಾದವರು) ಆಗಲಿಲ್ಲ. ವೃತ್ತಿಜೀವನದ ಸರಾಸರಿ ಪಂದ್ಯಕ್ಕೆ ಆರು ಅಂಕವನ್ನೂ ಮುಟ್ಟದು. ಅಂಕಪಟ್ಟಿ ಹಿಡಿದು ಅಳೆಯುವವರಿಗೆ ಇವರು ಸಾಮಾನ್ಯ ಆಟಗಾರ. ಆದರೆ ಮೊದಲ ವರ್ಷದಲ್ಲೇ ಒಂದು ಪಂದ್ಯದಲ್ಲಿ 25 ಅಸಿಸ್ಟ್ (ಜೊತೆಗಾರ ಅಂಕ ಗಳಿಸುವಂತೆ ಕೊಡುವ ಪಾಸ್) ಕೊಟ್ಟು ಹೊಸಬರ ದಾಖಲೆಯನ್ನು ಸರಿಗಟ್ಟಿದವರು ಇವರೇ, 1993–94ರಲ್ಲಿ ಹೆಚ್ಚಿನ ಪಂದ್ಯಗಳಲ್ಲಿ ಬೆಂಚಿನಿಂದ ಬಂದೂ ಪಂದ್ಯಕ್ಕೆ ಸರಾಸರಿ ಮೂರರ ಹತ್ತಿರ ಚೆಂಡು ಕಸಿದು ಇಡೀ ಲೀಗಿಗೆ ಮೊದಲಿಗರಾದವರೂ ಇವರೇ. ಎದುರಾಳಿ ಪಾಸ್ ಕೊಡಲು ಮನಸ್ಸು ಮಾಡಿದ ಕ್ಷಣದಲ್ಲೇ ಇವರು ಆ ಚೆಂಡು ಬರುವ ದಾರಿಯಲ್ಲಿ ನಿಂತಿರುತ್ತಿದ್ದರು. ಅದನ್ನು ಟಿವಿಯಲ್ಲಿ ನೋಡಿದರೆ ಅದೃಷ್ಟವೆನಿಸುತ್ತಿತ್ತು. ಮೇಲಿನ ಸಾಲಿನ ಅಗ್ಗದ ಸೀಟಿನಿಂದ ನೋಡಿದಾಗ ಮಾತ್ರ, ಅವರು ಎರಡು ಹೆಜ್ಜೆ ಮೊದಲೇ ಹೊರಟಿದ್ದು ಕಾಣುತ್ತಿತ್ತು.

1996ರ ಫೈನಲ್ಸ್ ಬಗ್ಗೆ ಮಾತನಾಡುವವರೆಲ್ಲ 72 ಪಂದ್ಯ ಗೆದ್ದಿದ್ದ ಶಿಕಾಗೊ ಬುಲ್ಸ್ ಬಗ್ಗೆ, ಮೈಕೆಲ್ ಜೋರ್ಡನ್ ಬಗ್ಗೆ ಮಾತನಾಡುತ್ತಾರೆ. ನಮ್ಮ ಕಡೆಯಿಂದ ಆ ಸರಣಿಯನ್ನು ನೋಡಿದವರಿಗೆ ನೆನಪಿರುವುದು ಮೆಕ್‌ಮಿಲನ್ ಅವರ ಬೆನ್ನು. ಬೆನ್ನುನೋವಿನಿಂದ ಅವರು ಹೆಚ್ಚುಕಡಿಮೆ ಹೊರಗೇ ಉಳಿದ ಮೊದಲ ಮೂರು ಪಂದ್ಯಗಳನ್ನೂ ನಾವು ಸೋತೆವು. ನಾಲ್ಕನೆಯ ಪಂದ್ಯಕ್ಕೆ ಅವರು ನೋವಿನಲ್ಲೇ ಇಳಿದರು. ಬಹಳ ಹೊತ್ತು ಆಡಲಿಲ್ಲ, ಆಡುವ ಸ್ಥಿತಿಯಲ್ಲೂ ಇರಲಿಲ್ಲ. ಆದರೆ ಚೆಂಡು ಸಾಗಿಸುವ ಭಾರ ಹಂಚಿಹೋದ ಕೂಡಲೇ ಪೇಟನ್ ಅವರಿಗೆ ಜೋರ್ಡನ್‌ರನ್ನು ಬೆನ್ನುಹತ್ತಿ ಕಾಯುವ ಕಸುವು ಉಳಿಯಿತು, ಮತ್ತು ಸಿಯಾಟಲ್ 107–86ರಿಂದ ಗೆದ್ದಿತು. ಐದನೆಯದನ್ನೂ ಗೆದ್ದೆವು. ಆರನೆಯದರಲ್ಲಿ ಸೋತು ಸರಣಿ ಮುಗಿಯಿತಾದರೂ, ಅವರು ಮೊದಲಿನಿಂದಲೇ ಆರೋಗ್ಯವಾಗಿದ್ದಿದ್ದರೆ ಎಂಬ ಪ್ರಶ್ನೆ ಮೂವತ್ತು ವರ್ಷಗಳ ನಂತರವೂ ನನ್ನನ್ನು ಬಿಟ್ಟಿಲ್ಲ.

ಅದೇ ತಂಡದ ಹರ್ಸಿ ಹಾಕಿನ್ಸ್ ಕಾಲೇಜು ದಿನಗಳಲ್ಲಿ ಪಂದ್ಯಕ್ಕೆ 36.3 ಅಂಕ ಗಳಿಸಿ ದೇಶಕ್ಕೇ ಮೊದಲಿಗರಾಗಿದ್ದವರು. ಇಲ್ಲಿಗೆ ಬಂದ ಮೇಲೆ ಪೇಟನ್, ಕೆಂಪ್ ಅವರಿಗೆ ಚೆಂಡು ಬಿಟ್ಟುಕೊಟ್ಟು, ಎದುರಾಳಿಯ ಶ್ರೇಷ್ಠ ಗಾರ್ಡ್‌ನನ್ನು ಕಾಯುವ, ಮೂಲೆಯಲ್ಲಿ ಕಾದು ನಿಲ್ಲುವ ಕೆಲಸವನ್ನು ನಾಲ್ಕು ಋತುಗಳಲ್ಲಿ ಒಂದು ಪಂದ್ಯವನ್ನೂ ತಪ್ಪಿಸದೆ ಮಾಡಿದರು. ಇಷ್ಟು ಎತ್ತರದಿಂದ ಇಷ್ಟು ಸಣ್ಣ ಪಾತ್ರಕ್ಕೆ ಮುನಿಸಿಲ್ಲದೆ ಇಳಿಯುವುದು ಎಷ್ಟು ಕಷ್ಟವೆಂಬುದು ಯಾವುದೇ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತಿರುತ್ತದೆ. ಸ್ಯಾಮ್ ಪರ್ಕಿನ್ಸ್ ಆರಡಿ ಒಂಬತ್ತಂಗುಲದ ಸೆಂಟರ್ ಆಗಿದ್ದೂ ಮೂರಂಕದ ಗೆರೆಯ ಹೊರಗೆ ನಿಲ್ಲುತ್ತಿದ್ದರು. ಅವರನ್ನು ಕಾಯಲು ಎದುರಾಳಿಯ ಎತ್ತರದ ಆಟಗಾರ ಹೊರಗೆ ಬಂದೇ ತೀರಬೇಕಾಗುತ್ತಿತ್ತು, ಆ ಖಾಲಿ ಜಾಗದಲ್ಲಿ ಕೆಂಪ್ ಹಾರುತ್ತಿದ್ದರು. 1997ರ ಜನವರಿಯಲ್ಲಿ ಟೊರಾಂಟೊ ವಿರುದ್ಧ ಪರ್ಕಿನ್ಸ್ ಎಂಟು ಬಾರಿ ಗೆರೆಯಾಚೆಯಿಂದ ಎಸೆದು ಎಂಟನ್ನೂ ಹಾಕಿದರು. ಇಂದು ಪ್ರತಿ ತಂಡವೂ ಹುಡುಕುವಂಥ ಸೆಂಟರ್ ನಮ್ಮಲ್ಲಿ ಅಂದೇ ಇದ್ದರು.

ಜರ್ಮನಿಯ ಲೆವರ್ಕುಸನ್‌ನಲ್ಲಿ ಹುಟ್ಟಿ, ಈ ರಾಜ್ಯದ ಸೆಂಟ್ರೇಲಿಯಾದಲ್ಲಿ ಶಾಲೆ ಕಲಿತು, ಇಲ್ಲಿನ ವಿಶ್ವವಿದ್ಯಾಲಯದಲ್ಲೇ ಆಡಿ ಬೆಳೆದ ಡೆಟ್ಲೆಫ್ ಶ್ರೆಂಪ್ಫ್ ಅವರ ಬಗ್ಗೆ ವಲಸಿಗನಾದ ನನಗೆ ವಿಶೇಷ ಪ್ರೀತಿ ಇರುವುದನ್ನು ಮುಚ್ಚಿಡುವುದಿಲ್ಲ. ದೂರದ ದೇಶದಿಂದ ಬಂದವನೊಬ್ಬ ಈ ಊರಿನ ಮಗನಾಗಬಹುದೆಂಬುದನ್ನು ನಾನು ಮೊದಲು ನಂಬಿದ್ದು ಅವರ ಹೆಸರು ಕೂಗಿದಾಗ ಎದ್ದ ಸದ್ದು ಕೇಳಿ. ಇವರೆಲ್ಲರ ರಕ್ಷಣೆಯ ಆಟಕ್ಕೆ ವಿನ್ಯಾಸ ಕೊಟ್ಟ ಸಹಾಯಕ ಕೋಚ್ ಬಾಬ್ ಕ್ಲಾಪೆನ್‌ಬರ್ಗ್ ಅವರ ಹೆಸರನ್ನೂ ಇಲ್ಲಿ ಸೇರಿಸಬೇಕು, ಅವರು ಆಟಗಾರರಲ್ಲದಿದ್ದರೂ.

ನಿಕ್ ಕಾಲಿಸನ್ ಅವರನ್ನು ಸಿಯಾಟಲ್ 2003ರಲ್ಲಿ ಆಯ್ಕೆ ಮಾಡಿತು. ಭುಜದ ಗಾಯದಿಂದ ಮೊದಲ ಋತು ಇಡೀ ಹೊರಗುಳಿದು, ನಂತರದ ನಾಲ್ಕು ಋತು ಇಲ್ಲಿ ಆಡಿ, 2008ರಲ್ಲಿ ತಂಡದೊಂದಿಗೆ ಓಕ್ಲಹೋಮಕ್ಕೆ ಹೋಗಿ 2018ರಲ್ಲಿ ಅಲ್ಲೇ ನಿವೃತ್ತರಾದರು. ಮುನ್ನುಗ್ಗಿ ಬರುವವನ ದಾರಿಯಲ್ಲಿ ನಿಂತು ಎದೆಗೆ ಪೆಟ್ಟು ತಿಂದು ತಂಡಕ್ಕೆ ಚೆಂಡು ಗಳಿಸಿಕೊಡುವುದು, ಜೊತೆಗಾರನಿಗೆ ಅಡ್ಡ ನಿಂತು ದಾರಿ ಬಿಡಿಸುವುದು, ಇವೇ ಅವರ ದುಡಿಮೆ. ಅವರು ಆಲ್‌ಸ್ಟಾರ್ ಆಗಲಿಲ್ಲ. ಆದರೂ ಥಂಡರ್ 2019ರಲ್ಲಿ ತನ್ನ ಚರಿತ್ರೆಯಲ್ಲೇ ಮೊತ್ತಮೊದಲು ಶಾಶ್ವತವಾಗಿ ತೆಗೆದಿರಿಸಿದ್ದು ಇವರ 4ನೇ ಸಂಖ್ಯೆಯನ್ನು. ಓಕ್ಲಹೋಮದವರು ತೋರಿದ ಈ ವಿವೇಕವನ್ನು ನಾನು ಮನಸಾರೆ ಗೌರವಿಸುತ್ತೇನೆ, ಮತ್ತು ನೀವೂ ಅದನ್ನೇ ಮಾದರಿಯಾಗಿ ಹಿಡಿಯಬೇಕೆಂದು ಕೇಳುತ್ತೇನೆ.

ಹಾಗಾಗಿ ನನ್ನ ಬೇಡಿಕೆಗಳು ಇಷ್ಟು. 1967ರಿಂದ 2008ರವರೆಗಿನ ದಾಖಲೆಗಳು ಸಿಯಾಟಲ್ ತಂಡದವೆಂದು ಲೀಗಿನ ಪುಸ್ತಕದಲ್ಲಿ ನಮೂದಾಗಲಿ. ಆ ಅಂಕಗಳನ್ನು ಗಳಿಸಿದವರೂ ಅವಕ್ಕೆ ಚಪ್ಪಾಳೆ ತಟ್ಟಿದವರೂ ಇಲ್ಲಿನವರು. ಈಗಾಗಲೇ ತೆಗೆದಿರಿಸಿದ ವಿಲಿಯಮ್ಸ್, ಮೆಕ್‌ಮಿಲನ್, ಲೆನ್ನಿ ವಿಲ್ಕೆನ್ಸ್, ಹೇವುಡ್, ಬ್ರೌನ್, ಜ್ಯಾಕ್ ಸಿಕ್ಮಾ ಅವರ ಆರು ಸಂಖ್ಯೆಗಳೂ ವೀಕ್ಷಕ ವಿವರಣೆಗಾರ ಬಾಬ್ ಬ್ಲ್ಯಾಕ್‌ಬರ್ನ್ ಅವರ ನೆನಪಿನ ಮೈಕಿನ ಬಾವುಟವೂ ಮೊದಲ ಪಂದ್ಯದ ದಿನವೇ ಮೇಲೇರಲಿ. ಪೇಟನ್ ಅವರ 20ನೇ ಸಂಖ್ಯೆ ಏರುವುದು ಖಚಿತವೆಂದು ನನಗೆ ಗೊತ್ತು, ಅದಕ್ಕಾಗಿ ಯಾರೂ ಪತ್ರ ಬರೆಯಬೇಕಾಗಿಲ್ಲ. ವಿಲಿಯಮ್ಸ್ ಅವರ ಹೆಸರನ್ನು ಹಾಲ್ ಆಫ್ ಫೇಮ್ ಸಮಿತಿಯ ಮುಂದೆ ನೀವೇ ನಿಂತು ಪ್ರತಿಪಾದಿಸಿ.

ಕೊನೆಯದಾಗಿ, 13ನೇ ಸಂಖ್ಯೆ. ಅದನ್ನು ತೊಟ್ಟಿದ್ದವರು ಸ್ಲಿಕ್ ವಾಟ್ಸ್. 1973ರಲ್ಲಿ ಯಾವ ತಂಡವೂ ಆಯ್ಕೆ ಮಾಡದೆ ಬಿಟ್ಟಿದ್ದ ಅವರಿಗೆ ಆಗ ಇಲ್ಲಿ ಕೋಚ್ ಆಗಿದ್ದ ಬಿಲ್ ರಸೆಲ್ ಒಂದು ಅವಕಾಶ ಕೊಟ್ಟರು. 1975–76ರಲ್ಲಿ ಅವರು ಅಸಿಸ್ಟ್‌ನಲ್ಲೂ ಚೆಂಡು ಕಸಿಯುವುದರಲ್ಲೂ ಏಕಕಾಲಕ್ಕೆ ಲೀಗಿನ ಮೊದಲಿಗರಾದರು. ಅದಕ್ಕೆ ಮೊದಲು ಯಾರೂ ಅದನ್ನು ಮಾಡಿರಲಿಲ್ಲ. ಬೋಳು ತಲೆಗೆ ಓರೆಯಾಗಿ ಪಟ್ಟಿ ಕಟ್ಟಿಕೊಂಡು ಆಡುತ್ತಿದ್ದ ಅವರನ್ನು ಕಂಡು ಊರಿನ ಮಕ್ಕಳೆಲ್ಲ ತಲೆಗೆ ಪಟ್ಟಿ ಕಟ್ಟಿಕೊಂಡರಂತೆ. ಆಟ ಮುಗಿದ ಮೇಲೆ ಅವರು ಸಿಯಾಟಲ್‌ನ ಶಾಲೆಗಳಲ್ಲಿ ವ್ಯಾಯಾಮ ಶಿಕ್ಷಕರಾಗಿ ಬಹುಕಾಲ ದುಡಿದರು, 2025ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರ ಕೈಕೆಳಗೆ ಓಡಿ ಬೆಳೆದವರು ಇಂದು ಈ ಊರಿನಲ್ಲಿ ತಾಯಿ ತಂದೆಯರಾಗಿದ್ದಾರೆ, ನಮ್ಮ ಅಕ್ಕಪಕ್ಕದ ಮನೆಗಳಲ್ಲಿದ್ದಾರೆ. ಮೊದಲ ಪಂದ್ಯದ ರಾತ್ರಿ ಅವರ ಸಂಖ್ಯೆಯ ಹಗ್ಗವನ್ನು ಅವರ ಆ ವಿದ್ಯಾರ್ಥಿಗಳ ಕೈಗೆ ಕೊಡಿ, ಅವರೇ ಎಳೆಯಲಿ.

ತಮ್ಮ ವಿಶ್ವಾಸಿ,
ರೆಡ್ಮಂಡ್‌ನಲ್ಲಿ ನೆಲೆಸಿರುವ ಮೈಸೂರಿನ ಒಬ್ಬ ಅಭಿಮಾನಿ